ಲಾಭ ಪುಸ್ತಕದಲ್ಲಿ, ಹಣ ಪರರ ಕೈಯಲ್ಲಿ

ಕಾಸರಗೋಡು ಪೇಟೆಯ ಜವಳಿ ಅಂಗಡಿಗಳಲ್ಲಿ ಮಾರಾಟವಾಗುವ ಬನಿಯನ್, ಒಳಉಡುಪು, ಮಕ್ಕಳ ಅಂಗಿಗಳಲ್ಲಿ ಬಹಳಷ್ಟು ಬರುವುದು ತಿರುಪ್ಪೂರಿನಿಂದ. ನಮ್ಮ ಅಡಿಕೆ ತೋಟಗಳಿಗೆ ನೀರೆತ್ತುವ ಪಂಪುಗಳಲ್ಲೂ, ಮನೆಮನೆಯಲ್ಲಿ ಹಿಟ್ಟು ರುಬ್ಬುವ ಗ್ರೈಂಡರುಗಳಲ್ಲೂ ಕೊಯಮತ್ತೂರಿನವು ಧಾರಾಳವಾಗಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ವರೆಗೆ ಆ ಊರುಗಳೂ ನಮ್ಮ ಊರುಗಳೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ಗಡಿ ಬೇರೆಯಾಯಿತು, ವ್ಯಾಪಾರ ಬೇರೆಯಾಗಲಿಲ್ಲ. ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುವ ದೇವಾಂಗ ಕುಟುಂಬಗಳು ಕೊಯಮತ್ತೂರಿನಲ್ಲಿವೆ.

ಅಲ್ಲಿಯ ಸಣ್ಣ ತಯಾರಕರು ತಮ್ಮ ಲೆಕ್ಕವನ್ನು ಹೇಗೆ ಬರೆಯುತ್ತಾರೆಂಬ ವಿಷಯ ನಮಗೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳ. ಅವರ ಪುಸ್ತಕದ 'ಬರತಕ್ಕ ಬಾಕಿ' ಎಂಬ ಪುಟದಲ್ಲಿ ನಮ್ಮ ಪೇಟೆಗಳ ಹೆಸರುಗಳಿವೆ.

ಲಾಭವಿದ್ದೂ ಬಟವಾಡೆಗೆ ಹಣವಿಲ್ಲ

ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಬಹಳ ಮೊದಲೇ, 1920ರ ದಶಕದಿಂದ, ಅದು ಬನಿಯನ್ನಿನ ಊರು. 1970ರ ದಶಕದ ಕೊನೆಯಲ್ಲಿ ಅಲ್ಲಿಂದ ಪರದೇಶಕ್ಕೆ ರಫ್ತು ಆರಂಭವಾಯಿತು. ಈ ಊರಿನ ಉದ್ಯಮದ ವಿಶೇಷವೆಂದರೆ ಎಲ್ಲವೂ ಒಂದೇ ಸೂರಿನ ಕೆಳಗೆ ನಡೆಯುವುದು ಅಪರೂಪ. ನೂಲು ಒಬ್ಬನಲ್ಲಿಂದ, ಹೆಣಿಗೆ ಇನ್ನೊಬ್ಬನಲ್ಲಿ, ಬಣ್ಣ ಮತ್ತೊಬ್ಬನಲ್ಲಿ. ಅಚ್ಚು ಹಾಕುವವನು ಬೇರೆ, ಕತ್ತರಿಸುವವನು ಬೇರೆ, ಹೊಲಿಯುವವನು ಬೇರೆ. ಒಂದು ಬನಿಯನ್ನು ಅಂಗಡಿಗೆ ಬರುವ ಮೊದಲು ಏಳೆಂಟು ಮಂದಿಯ ಕೈ ದಾಟುತ್ತದೆ. ಪ್ರತಿಯೊಂದು ಕೈಯೂ ಮುಂದಿನವನಿಗೆ ಬಿಲ್ಲು ಬರೆಯುತ್ತದೆ, ಹಣಕ್ಕಾಗಿ ಕಾಯುತ್ತದೆ.

ಆದರೆ ಕೂಲಿ ಕಾಯುವುದಿಲ್ಲ. ಅಲ್ಲಿ ವಾರದ ಬಟವಾಡೆ ಸಾಮಾನ್ಯ. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಂಗಸು ಶನಿವಾರ ಸಂಜೆ ತನ್ನ ಕೂಲಿ ಕೇಳುತ್ತಾಳೆ, ಕೇಳಲೇಬೇಕು. ವಿದ್ಯುತ್ ಬಿಲ್ಲಿಗೆ ಗಡುವಿದೆ. ಜಿ.ಎಸ್.ಟಿ.ಯಂತೂ ಸಾಮಾನ್ಯವಾಗಿ ಬಿಲ್ಲು ಬರೆದ ಮರುತಿಂಗಳೇ ಕಟ್ಟಬೇಕಾದದ್ದು, ಗಿರಾಕಿ ಹಣ ಕೊಟ್ಟಿರಲಿ, ಬಿಡಲಿ. ಒಳಗೆ ಬರುವ ಹಣಕ್ಕೆ ತಾರೀಖಿಲ್ಲ, ಹೊರಗೆ ಹೋಗುವ ಹಣಕ್ಕೆ ತಾರೀಖು ತಪ್ಪುವುದಿಲ್ಲ. ವರ್ಷಾಂತ್ಯದಲ್ಲಿ ಲೆಕ್ಕಿಗನು ಲಾಭ-ನಷ್ಟದ ತಖ್ತೆಯನ್ನು ತಂದಿಟ್ಟು, "ಈ ಸಲ ಒಳ್ಳೆಯ ಲಾಭ" ಎನ್ನುತ್ತಾನೆ. ಮಾಲಿಕನು, "ಹಾಗಾದರೆ ಆ ಲಾಭ ಎಲ್ಲಿದೆ?" ಎನ್ನುತ್ತಾನೆ.

ಈ ಪ್ರಶ್ನೆಗೆ ಉತ್ತರ ಕೊಡುವ ಕಾಗದ ಒಂದಿದೆ. ಅದರ ಹೆಸರು ನಗದು ಹರಿವಿನ ತಖ್ತೆ. ಅದನ್ನು ತಯಾರಿಸುವ ಕ್ರಮ ಎರಡು. ನೇರ ವಿಧಾನದಲ್ಲಿ ಗಿರಾಕಿಗಳಿಂದ ಬಂದ ಹಣವೆಷ್ಟು, ನೂಲಿಗೆ ಹೋದದ್ದೆಷ್ಟು, ಕೂಲಿಗೆ ಹೋದದ್ದೆಷ್ಟು ಎಂದು ಒಂದೊಂದಾಗಿ ಬರೆಯುವುದು. ನಮ್ಮ ಹಿರಿಯರ ಜಮಾ-ಖರ್ಚಿನ ಪುಸ್ತಕದ ಜಾತಿ ಅದು. ಪರೋಕ್ಷ ವಿಧಾನ ಅದಕ್ಕೆ ತಿರುಗುಮುರುಗು. ಲಾಭದಿಂದ ಹೊರಟು, ಆ ಲಾಭ ಎಲ್ಲೆಲ್ಲಿ ಸಿಕ್ಕಿಕೊಂಡಿದೆ ಎಂದು ಹಿಂದಕ್ಕೆ ನಡೆದು ನಗದನ್ನು ಮುಟ್ಟುವುದು. ಎರಡರಲ್ಲೂ ಬರುವ ಕೊನೆಯ ಅಂಕಿ ಒಂದೇ. ಆದರೆ ಮಾಲಿಕನ ಪ್ರಶ್ನೆಗೆ ಸರಿಯಾಗಿ ಉತ್ತರಿಸುವುದು ಎರಡನೆಯದು. ಅದಕ್ಕೆ ಬೇಕಾದದ್ದೂ ಹೆಚ್ಚೇನಲ್ಲ: ಈ ವರ್ಷದ ಲಾಭ-ನಷ್ಟ, ಕಳೆದ ವರ್ಷದ ಮತ್ತು ಈ ವರ್ಷದ ಅಢಾವೆ ಪತ್ರಿಕೆ, ಒಂದು ಮಧ್ಯಾಹ್ನದ ಬಿಡುವು.

ಒಂದು ಕಲ್ಪಿತ ಲೆಕ್ಕ

ಇಬ್ಬರು ಅಣ್ಣತಮ್ಮಂದಿರು ಪಾಲುದಾರರಾಗಿ ತಿರುಪ್ಪೂರಿನಲ್ಲಿ ಬನಿಯನ್ ತಯಾರಿಸಿ ಊರೂರಿನ ವ್ಯಾಪಾರಿಗಳಿಗೆ ಮಾರುತ್ತಾರೆಂದು ಭಾವಿಸೋಣ. ವರ್ಷದ ಮಾರಾಟ 1 ಕೋಟಿ 46 ಲಕ್ಷ ರೂಪಾಯಿ, ಎಲ್ಲವೂ ಕಡ. ಅಂಕಿಗಳು ಕೇವಲ ಉದಾಹರಣೆಗಾಗಿ.

ತೆರಿಗೆಗೆ ಮುಂಚಿನ ಲಾಭ: 12,00,000
ಕೂಡಿಸು, ಯಂತ್ರಗಳ ಸವಕಳಿ: 4,00,000
ಕೂಡಿಸು, ಬ್ಯಾಂಕು ಬಡ್ಡಿ: 3,00,000
ಮೊತ್ತ: 19,00,000
ಕಳೆ, ಬರತಕ್ಕ ಬಾಕಿಯ ಏರಿಕೆ (30 ಲಕ್ಷದಿಂದ 48 ಲಕ್ಷಕ್ಕೆ): 18,00,000
ಕಳೆ, ದಾಸ್ತಾನಿನ ಏರಿಕೆ (10 ಲಕ್ಷದಿಂದ 15 ಲಕ್ಷಕ್ಕೆ): 5,00,000
ಕೂಡಿಸು, ಕೊಡತಕ್ಕ ಬಾಕಿಯ ಏರಿಕೆ (14 ಲಕ್ಷದಿಂದ 20 ಲಕ್ಷಕ್ಕೆ): 6,00,000
ಉಳಿದ ನಗದು: 2,00,000
ಕಳೆ, ಕಟ್ಟಿದ ಆದಾಯ ತೆರಿಗೆ: 4,00,000
ವ್ಯವಹಾರದ ನಿವ್ವಳ ನಗದು: ಕೊರತೆ 2,00,000
ಹೊಸ ಯಂತ್ರಗಳಿಗೆ ಹೋದದ್ದು: 10,00,000
ಬ್ಯಾಂಕಿನಿಂದ ಹೊಸ ಸಾಲ 18,00,000. ಅದರಲ್ಲಿ ಬಡ್ಡಿಗೆ 3,00,000, ಮನೆಖರ್ಚಿಗೆ ತೆಗೆದದ್ದು 5,00,000 ಕಳೆದರೆ ಉಳಿಕೆ: 10,00,000
ವರ್ಷದ ಒಟ್ಟು ಫಲ: ಕೊರತೆ 2,00,000
ವರ್ಷಾರಂಭದ ನಗದು 3,00,000. ವರ್ಷಾಂತ್ಯದ ನಗದು 1,00,000

ಇಲ್ಲಿ ಗಹನವಾದದ್ದು ಏನೂ ಇಲ್ಲ. ಸವಕಳಿಯನ್ನು ಕೂಡಿಸುವುದು ಏಕೆಂದರೆ ಅದು ಲಾಭವನ್ನು ಕಡಿಮೆ ಮಾಡಿತೇ ಹೊರತು ಈ ವರ್ಷ ಪೆಟ್ಟಿಗೆಯಿಂದ ಹಣ ತೆಗೆಯಲಿಲ್ಲ. ಯಂತ್ರ ಕೊಂಡ ದಿನವೇ ಹಣ ಹೋಗಿತ್ತು. ಬಡ್ಡಿಯನ್ನು ಇಲ್ಲಿ ಕೂಡಿಸುವುದು ಕೆಳಗೆ ಸಾಲದ ಬಾಬಿನಲ್ಲಿ ಕಳೆಯುವ ಸಲುವಾಗಿ. ಹಳೆಯ ಯಂತ್ರ ಮಾರಿ ಲಾಭ ಬಂದಿದ್ದರೆ ಅದನ್ನು ಮೇಲೆ ಕಳೆದು, ಮಾರಿದ ಪೂರ್ತಿ ಹಣವನ್ನು ಯಂತ್ರಗಳ ಬಾಬಿನಲ್ಲಿ ತೋರಿಸಬೇಕು. ಬರತಕ್ಕದ್ದು ಏರಿದರೆ ಕಳೆ, ಇಳಿದರೆ ಕೂಡಿಸು. ಕೊಡತಕ್ಕದ್ದು ಏರಿದರೆ ಕೂಡಿಸು, ಇಳಿದರೆ ಕಳೆ. ಏಳನೆಯ ತರಗತಿಯ ಹುಡುಗಿಗೂ ಬರುವ ಗಣಿತ.

ಇನ್ನು ಅರ್ಥ ನೋಡೋಣ. ಲಾಭ 12 ಲಕ್ಷ. ಕೈಯಲ್ಲಿರುವುದು 1 ಲಕ್ಷ. ಬ್ಯಾಂಕಿನಿಂದ ತಂದ ಹೊಸ ಸಾಲ 18 ಲಕ್ಷ; ಗಿರಾಕಿಗಳ ಬಳಿ ಹೆಚ್ಚಾಗಿ ನಿಂತ ಹಣವೂ 18 ಲಕ್ಷ. ಅಣ್ಣತಮ್ಮಂದಿರು ಕಾರಖಾನೆಗೆಂದು ಸಾಲ ತಂದರು. ಫಲದಲ್ಲಿ ಅದು ಗಿರಾಕಿಗಳಿಗೆ ಕೊಟ್ಟ ಸಾಲವಾಯಿತು. ಬಡ್ಡಿ ಕಟ್ಟುವವರು ಇವರು, ಹಣ ಆಡಿಸುವವರು ಅವರು. ವರ್ಷದ ಮಾರಾಟ 1 ಕೋಟಿ 46 ಲಕ್ಷವೆಂದರೆ ದಿನಕ್ಕೆ 40 ಸಾವಿರ. 48 ಲಕ್ಷ ಬಾಕಿಯೆಂದರೆ 120 ದಿನಗಳ ಮಾರಾಟ ಹೊರಗಿದೆ. ಲಾಭ-ನಷ್ಟದ ತಖ್ತೆ ಈ ಕಥೆಯನ್ನು ಹೇಳುವುದಿಲ್ಲ. ಅಢಾವೆ ಪತ್ರಿಕೆಯೂ ಹೇಳುವುದಿಲ್ಲ. ಅದರಲ್ಲಿ 48 ಲಕ್ಷದ ಬಾಕಿ 'ಆಸ್ತಿ' ಎಂಬ ಗೌರವದ ಹೆಸರಿನಲ್ಲಿ ಕುಳಿತಿರುತ್ತದೆ.

ಹಿಂದೆ ಲೆಕ್ಕಶಾಸ್ತ್ರಜ್ಞರೂ ಈ ಗೌರವಕ್ಕೆ ಮೋಸಹೋಗಿದ್ದುಂಟು. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 1981ರಲ್ಲಿ ಹೊರಡಿಸಿದ ಮೂರನೆಯ ಲೆಕ್ಕಮಾನಕವು ಹಣಕಾಸು ಸ್ಥಿತಿಯ ಬದಲಾವಣೆಯ ತಖ್ತೆಯನ್ನು ಕುರಿತದ್ದು. ಆ ಕಾಲದ ಇಂಥ ತಖ್ತೆಗಳಲ್ಲಿ ನಗದು, ಬಾಕಿ, ದಾಸ್ತಾನು ಎಲ್ಲವನ್ನೂ ಕೂಡಿಸಿ ದುಡಿಯುವ ಬಂಡವಾಳವೆಂದು ಒಂದೇ ಮೂಟೆ ಕಟ್ಟುವ ರೂಢಿಯಿತ್ತು. ವಸೂಲಾಗದ ಬಿಲ್ಲುಗಳು ತುಂಬಿದ ಮೂಟೆಯೂ ಭಾರವಾಗಿಯೇ ಕಾಣುತ್ತಿತ್ತು. ಅಮೆರಿಕದ ಡಬ್ಲ್ಯು.ಟಿ. ಗ್ರಾಂಟ್ ಎಂಬ, ಸಾವಿರಕ್ಕೂ ಮಿಕ್ಕಿ ಮಳಿಗೆಗಳಿದ್ದ ಕಂಪೆನಿ ಲಾಭ ತೋರಿಸುತ್ತಲೇ ವರ್ಷಗಟ್ಟಲೆ ನಗದನ್ನು ಕಳೆದುಕೊಂಡು 1975ರಲ್ಲಿ ದಿವಾಳಿಯಾಯಿತು; ಗಿರಾಕಿಗಳಿಗೆ ಧಾರಾಳವಾಗಿ ಕೊಟ್ಟ ಕಡ ಅದರ ಪತನದ ಕಾರಣಗಳಲ್ಲೊಂದು. ಲೋಕ ಪಾಠ ಕಲಿಯಿತು. ನಮ್ಮಲ್ಲಿ 1997ರಲ್ಲಿ ಅದೇ ಮೂರನೆಯ ಮಾನಕವು ನಗದು ಹರಿವಿನ ಮಾನಕವಾಗಿ ಮಾರ್ಪಟ್ಟಿತು.

ವಿನಾಯಿತಿ ಎಂಬ ಅನುಪಕಾರ

ಆದರೆ ಈ ಪಾಠ ಯಾರಿಗೆ ಅತ್ಯಂತ ಅಗತ್ಯವೋ ಅವರನ್ನು ಕಾನೂನು ತರಗತಿಯಿಂದ ಹೊರಗೆ ಕುಳ್ಳಿರಿಸಿದೆ. 2013ರ ಕಂಪೆನಿ ಕಾಯಿದೆ ಸಣ್ಣ ಕಂಪೆನಿಗಳಿಗೂ ಏಕಸದಸ್ಯ ಕಂಪೆನಿಗಳಿಗೂ ಈ ತಖ್ತೆಯಿಂದ ವಿನಾಯಿತಿ ಕೊಟ್ಟಿದೆ. ಪಾಲುದಾರಿಕೆಯ, ಒಡೆತನದ ಸಣ್ಣ ಸಂಸ್ಥೆಗಳನ್ನಂತೂ ಯಾರೂ ಕೇಳುವುದಿಲ್ಲ. ಸಣ್ಣವರಿಗೆ ಕಾಗದದ ಹೊರೆ ಬೇಡವೆಂಬ ಉದ್ದೇಶ ಒಳ್ಳೆಯದೇ. ಆದರೆ ಫಲವೇನು? ಕೈತುಂಬ ನಗದಿರುವ ದೊಡ್ಡ ಕಂಪೆನಿ ತನ್ನ ನಗದಿನ ಲೆಕ್ಕವನ್ನು ಲೋಕಕ್ಕೆಲ್ಲ ತೋರಿಸುತ್ತದೆ. ಶನಿವಾರದ ಬಟವಾಡೆಗೆ ಪರದಾಡುವವನು ತನಗೂ ತೋರಿಸಿಕೊಳ್ಳುವುದಿಲ್ಲ. ಜ್ವರ ಬಂದವನಿಗೆ ಜ್ವರಮಾಪಕದಿಂದ ವಿನಾಯಿತಿ ಕೊಟ್ಟ ಹಾಗಾಯಿತು.

ಇನ್ನೂ ಮುಖ್ಯವಾದ ಮಾತೊಂದಿದೆ. ಪರೋಕ್ಷ ವಿಧಾನದಲ್ಲಿ ಕೊಡತಕ್ಕ ಬಾಕಿ ಏರಿದರೆ ಅದು 'ಕೂಡಿಸು' ಎಂದು ಬರುತ್ತದೆಯಷ್ಟೆ. ದೊಡ್ಡ ಖರೀದಿದಾರನು ತನ್ನ ಸರಬರಾಜುದಾರರಿಗೆ ಹಣ ಕೊಡುವುದನ್ನು ಮಾರ್ಚ್ 31 ದಾಟುವ ತನಕ ತಡೆಹಿಡಿದನೆನ್ನಿ. ಅವನ ತಖ್ತೆ ಮಿರಮಿರನೆ ಮಿಂಚುತ್ತದೆ. ವ್ಯವಹಾರದಿಂದ ಇಷ್ಟು ನಗದು ಬಂತೆಂದು ಪಾಲುಬಂಡವಾಳದವರು ಮೆಚ್ಚುತ್ತಾರೆ. ಅದೇ ಹಣ ತಿರುಪ್ಪೂರಿನ ಅಣ್ಣತಮ್ಮಂದಿರ ಕಾಗದದಲ್ಲಿ 'ಕಳೆ' ಎಂದು ಬರುತ್ತದೆ. ಒಬ್ಬನ ಕೂಡಿಸು ಇನ್ನೊಬ್ಬನ ಕಳೆ. ಕೂಡಿಸಿದವನ ಕಾಗದ ಅಚ್ಚಾಗುತ್ತದೆ; ಕಳೆದುಕೊಂಡವನ ಕಾಗದ ಬರೆಯಲ್ಪಡುವುದೇ ಇಲ್ಲ. ಅನ್ಯಾಯ ಮೊದಲು ಅದೃಶ್ಯವಾಗಿ, ಆಮೇಲೆ ರೂಢಿಯಾಗುವುದು ಹೀಗೆಯೇ.

ಕಾನೂನಿದೆ, ಧೈರ್ಯವಿಲ್ಲ

ಕಾನೂನು ಪೂರ್ತಿ ಕಣ್ಣು ಮುಚ್ಚಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯ ಪ್ರಕಾರ, ಬರಹದ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2017ರಲ್ಲಿ ದೂರು ಸಲ್ಲಿಸಲು 'ಸಮಾಧಾನ್' ಎಂಬ ಏರ್ಪಾಡೂ ಆರಂಭವಾಯಿತು. 2023ರ ಹಣಕಾಸು ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಿ ತೆರಿಗೆ ಉಳಿಸಬಹುದೆಂಬ ನಿಯಮವನ್ನು 2024ರ ಏಪ್ರಿಲ್ 1ರಿಂದ ಜಾರಿಗೆ ತಂದಿತು.

ಈ ಲೆಕ್ಕದಲ್ಲಿ ನಮ್ಮ ಅಣ್ಣತಮ್ಮಂದಿರಿಗೆ ಹೊರಗಿರಬೇಕಾದದ್ದು 45 ದಿನಗಳ 18 ಲಕ್ಷ ಮಾತ್ರ. ಇರುವುದು 48 ಲಕ್ಷ. 30 ಲಕ್ಷ ಕಾನೂನು ಮೀರಿ ನಿಂತ ಹಣ. ಅವರು ದೂರು ಕೊಡುತ್ತಾರೆಯೇ? ಕೊಡುವುದಿಲ್ಲ. ಇಂದು ದೂರು ಕೊಟ್ಟರೆ ನಾಳೆ ಆರ್ಡರು ಪಕ್ಕದ ಬೀದಿಗೆ ಹೋಗುತ್ತದೆ. 2024ರಲ್ಲಿ ಹೊಸ ನಿಯಮ ಬಂದಾಗಲೂ ಗಿರಾಕಿಗಳು ಕೈತಪ್ಪಿಯಾರೆಂಬ ಅಂಜಿಕೆ ಸಣ್ಣವರಲ್ಲಿಯೇ ಕೇಳಿಬಂತು. ರಕ್ಷಣೆಗೇ ಹೆದರಬೇಕಾದ ಸ್ಥಿತಿ ಇದು.

ಹಣ ಬಾಕಿಗಳಲ್ಲಿ ಸಿಕ್ಕಿಕೊಂಡವನಿಗೆ ಅನಿರೀಕ್ಷಿತವಾಗಿ ಬಂದ ಪೆಟ್ಟನ್ನು ತಾಳುವ ಶಕ್ತಿ ಇರುವುದಿಲ್ಲ. ತಿರುಪ್ಪೂರಿಗೆ ಇಂಥ ಪೆಟ್ಟುಗಳು ಹೊಸವಲ್ಲ. ನೊಯ್ಯಲ್ ನದಿಯ ಮಾಲಿನ್ಯದ ಕಾರಣ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಏಳುನೂರಕ್ಕೂ ಮಿಕ್ಕಿ ಬಣ್ಣದ ಕಾರಖಾನೆಗಳನ್ನು ಮುಚ್ಚಿಸಿತು. ನದಿಯ ದೃಷ್ಟಿಯಿಂದ ಅದು ಸರಿಯಾದ ತೀರ್ಪು. ಆದರೆ ಬಣ್ಣ ನಿಂತಾಗ ಹೊಲಿಗೆಯೂ ನಿಂತಿತು. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಅಲ್ಲಿಯ ರಫ್ತುದಾರರು ತತ್ತರಿಸಿದರು. ಅಂಥ ದಿನಗಳಲ್ಲಿ ಯಾರು ಉಳಿಯುತ್ತಾರೆ, ಯಾರು ಬೀಗ ಹಾಕುತ್ತಾರೆ ಎಂಬುದನ್ನು ನಿರ್ಣಯಿಸುವುದು ಪುಸ್ತಕದ ಲಾಭವಲ್ಲ, ಪೆಟ್ಟಿಗೆಯ ನಗದು. ಬೀಗ ಬಿದ್ದ ದಿನ ಮೊದಲು ಮನೆಗೆ ಹೋಗುವವಳು ಆ ಹೊಲಿಗೆಯ ಹೆಂಗಸು.

ಬ್ಯಾಂಕುಗಳು ಮಾಡಬೇಕಾದದ್ದು

ಸಣ್ಣ ಉದ್ಯಮಕ್ಕೆ ದುಡಿಯುವ ಬಂಡವಾಳವನ್ನು ಅಳೆಯಲು ಬ್ಯಾಂಕುಗಳು ಬಹುಕಾಲದಿಂದ ಬಳಸುವ ಅಳತೆಗೋಲು 1992ರ ನಾಯಕ್ ಸಮಿತಿಯ ವರದಿಯದು: ಅಂದಾಜು ಮಾರಾಟದ ಶೇಕಡಾ 25 ದುಡಿಯುವ ಬಂಡವಾಳ, ಅದರಲ್ಲಿ ಮಾರಾಟದ ಶೇಕಡಾ 20 ಬ್ಯಾಂಕಿನದು, ಶೇಕಡಾ 5 ಮಾಲಿಕನದು. ಶೇಕಡಾ 25 ಎಂದರೆ ಹಣವು ಮೂರು ತಿಂಗಳಲ್ಲಿ ಒಂದು ಸುತ್ತು ತಿರುಗಿ ಬರುತ್ತದೆಂಬ ಭಾವನೆ. ಬಾಕಿಯೊಂದೇ ನಾಲ್ಕು ತಿಂಗಳು ಹೊರಗೆ ನಿಂತರೆ ಈ ಗಣಿತ ಎಲ್ಲಿ ಉಳಿಯಿತು? ಕೊರತೆ ತುಂಬಲು ಖಾಸಗಿ ಲೇವಾದೇವಿಯವನ ಬಾಗಿಲು ತೆರೆದೇ ಇರುತ್ತದೆ.

ಬ್ಯಾಂಕುಗಳು ದಾಸ್ತಾನಿನ ಪಟ್ಟಿ ಕೇಳುತ್ತವೆ, ಬಾಕಿದಾರರ ಪಟ್ಟಿ ಕೇಳುತ್ತವೆ, ಮನೆಯ ಪತ್ರ ಅಡವು ಕೇಳುತ್ತವೆ. ಮೂರು ತಿಂಗಳಿಗೊಮ್ಮೆ ಒಂದು ಪುಟದ ನಗದು ಹರಿವಿನ ತಖ್ತೆಯನ್ನೂ ಕೇಳಲಿ. ಶಿಕ್ಷೆಯಾಗಿ ಅಲ್ಲ, ಸಲಹೆಗಾಗಿ. ವ್ಯವಹಾರದ ನಗದು ಎರಡು ತ್ರೈಮಾಸಿಕ ಕೊರತೆಯಾದರೆ ಸಾಲ ಹೆಚ್ಚಿಸುವ ಮೊದಲು, "ನಿಮ್ಮ ಹಣ ಯಾರಲ್ಲಿ ನಿಂತಿದೆ?" ಎಂದು ಮೆನೇಜರು ಕೇಳಲಿ. ದೊಡ್ಡ ಖರೀದಿದಾರರ ಬಿಲ್ಲುಗಳನ್ನು ವಟಾಯಿಸಿ ಕೂಡಲೇ ಹಣ ಕೊಡುವ 'ಟ್ರೆಡ್ಸ್' ವ್ಯವಸ್ಥೆ 2017ರಿಂದ ನಡೆಯುತ್ತಿದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪೆನಿಗಳು 2025ರ ಮಾರ್ಚ್ 31ರೊಳಗೆ ಅದರಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ಆಜ್ಞೆಯಾಯಿತು. ಒಳ್ಳೆಯದೇ. ಆದರೆ ತನ್ನ ಹಣ ಎಲ್ಲಿ ನಿಂತಿದೆಯೆಂದು ತಿಳಿಯದವನಿಗೆ ಯಾವ ಬಾಗಿಲು ತಟ್ಟಬೇಕೆಂದೂ ತಿಳಿಯದು.

ಆಕ್ಷೇಪ ಬರಬಹುದು: ಸಣ್ಣವನಿಗೆ ತನ್ನ ಹಣ ಎಲ್ಲಿದೆಯೆಂದು ಗೊತ್ತಿಲ್ಲವೇ? ಪ್ರತಿದಿನ ಫೋನು ಮಾಡಿ ಕೇಳುವವನು ಅವನೇ ಅಲ್ಲವೇ? ನಿಜ, ಯಾರು ಕೊಟ್ಟಿಲ್ಲವೆಂದು ಅವನಿಗೆ ಗೊತ್ತು. ಆದರೆ ಅದರಿಂದ ತನ್ನ ಲಾಭಕ್ಕೆ ಏನಾಯಿತು, ಹೊಸ ಸಾಲ ಎಲ್ಲಿಗೆ ಹೋಯಿತು, ಹೊಸ ಯಂತ್ರವನ್ನು ಈ ವರ್ಷ ಕೊಳ್ಳಬಹುದಿತ್ತೇ ಎಂಬುದು ಫೋನಿನಿಂದ ತಿಳಿಯುವುದಿಲ್ಲ. ಮೇಲಿನ ಲೆಕ್ಕದಲ್ಲಿ 10 ಲಕ್ಷದ ಯಂತ್ರ ಕೊಂಡದ್ದು 12 ಲಕ್ಷದ ಲಾಭವನ್ನು ನಂಬಿ. ನಂಬಿದ ಆ ಹಣ ಇರಲೇ ಇಲ್ಲ. ಇನ್ನೊಂದು ಆಕ್ಷೇಪ: ಬಾಕಿ ಏರುವುದು ವ್ಯಾಪಾರ ಬೆಳೆಯುವ ಲಕ್ಷಣವಲ್ಲವೇ? ಮಾರಾಟ ಒಂದೂವರೆ ಪಟ್ಟು ಆಗಿ ಬಾಕಿಯೂ ಒಂದೂವರೆ ಪಟ್ಟು ಆದರೆ ಹೌದು. ಮಾರಾಟ ನಿಂತಲ್ಲೇ ನಿಂತು ಬಾಕಿ ಮಾತ್ರ ಬೆಳೆದರೆ ಅದು ಬೆಳವಣಿಗೆಯಲ್ಲ, ಬಾವು.

ನಮ್ಮ ಪಾಲಿನ ಹೊಣೆ

ಈಗ ನಮ್ಮ ಪೇಟೆಗಳಿಗೆ ಬರೋಣ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಬದಿಯಡ್ಕದ ಅಂಗಡಿಯವರೂ ಸಣ್ಣವರೇ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆಂದು ಸಾಮಾನು ಒಯ್ದ ಕೃಷಿಕನಿಗಾಗಿ ಅವರೂ ಕಾಯುತ್ತಾರೆ. ಅಡಿಕೆಗೆ ಕೊಳೆರೋಗ ಬಂದರೆ ಅಂಗಡಿಯ ಪುಸ್ತಕಕ್ಕೂ ಕೊಳೆರೋಗ. ಈ ಸರಪಳಿಯಲ್ಲಿ ಒಬ್ಬನೇ ಖಳನಿಲ್ಲ. ಆದರೂ ಒಂದು ಭೇದ ಮಾಡಬೇಕು. ಕೊಡಲಾಗದೆ ತಡಮಾಡುವುದು ಬೇರೆ, ಕೊಡಬಲ್ಲವನು ತಡಮಾಡುವುದು ಬೇರೆ. ಓಣಂ, ಪೆರ್ನಾಲಿನ ಕಾಲದಲ್ಲಿ ಬನಿಯನ್ನು, ಅಂಗಿ ಮಾರಿದ ಹಣ ಅಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಈಗಂತೂ ಫೋನಿನ ಮೂಲಕ ನೇರ ಖಾತೆಗೇ ಬೀಳುತ್ತದೆ. ಆ ಹಣದಲ್ಲಿ ತಿರುಪ್ಪೂರಿನವನ ಪಾಲಿದೆ. ಅದನ್ನು ಇನ್ನೂ ಮೂರು ತಿಂಗಳು ಆಡಿಸಿ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿಯುವವನು ತನ್ನ ಲಾಭದಿಂದ ಅಂಗಡಿ ದೊಡ್ಡದು ಮಾಡಿದೆನೆಂದು ನಂಬುತ್ತಾನೆ. ಪರೋಕ್ಷ ವಿಧಾನದಲ್ಲಿ ಒಂದು ಪುಟ ಬರೆದುನೋಡಲಿ. 'ಕೊಡತಕ್ಕ ಬಾಕಿಯ ಏರಿಕೆ' ಎಂಬ ಸಾಲಿನಲ್ಲಿ ಆ ಕೋಣೆ ಯಾರ ಹಣದಿಂದ ಬಂತೆಂದು ಕಾಣುತ್ತದೆ. ಅವನ ಸ್ವಂತ ಹಿತಕ್ಕೂ ಅದು ಬೇಕು: ಸರಬರಾಜುದಾರ ಒಂದು ದಿನ ಕೈ ಬಿಗಿಹಿಡಿದರೆ ಆ ಕೂಡಿಸು ಒಂದೇ ಏಟಿಗೆ ಕಳೆಯಾಗುತ್ತದೆ.

ನಮ್ಮ ಸಹಕಾರಿ ಸಂಘಗಳೂ ಇದನ್ನು ಯೋಚಿಸಬೇಕು. ವಾರ್ಷಿಕ ಮಹಾಸಭೆಯಲ್ಲಿ ನಿವ್ವಳ ಲಾಭ ಓದಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಆ ಲಾಭದಲ್ಲಿ ಎಷ್ಟು ನಗದಾಗಿ ಬಂತು, ಎಷ್ಟು ಬರತಕ್ಕ ಬಡ್ಡಿಯಾಗಿ ಪುಸ್ತಕದಲ್ಲಿಯೇ ಉಳಿಯಿತು ಎಂದು ಸದಸ್ಯರು ಎದ್ದು ಕೇಳುವ ಪರಿಪಾಠ ಬೆಳೆಯಲಿ. ನಮ್ಮ ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳು ಈ ತಖ್ತೆಯನ್ನು ಪರೀಕ್ಷೆಗಾಗಿ ಬರೆದು, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಬೇಸಗೆ ರಜೆಯಲ್ಲಿ ತಂದೆಯ ಅಂಗಡಿಯದೋ, ನೆರೆಮನೆಯ ಬೇಕರಿಯದೋ ಎರಡು ವರ್ಷಗಳ ಅಢಾವೆ ಪತ್ರಿಕೆ ಇಟ್ಟುಕೊಂಡು ಒಂದು ಪುಟ ಬರೆಯಲಿ. ವಿದ್ಯೆಗೂ ಸಾರ್ಥಕ, ಅಂಗಡಿಗೂ ಉಪಕಾರ.

ಕಾನೂನು ಕೇಳುವುದಿಲ್ಲವೆಂಬ ಕಾರಣಕ್ಕೆ ನಮ್ಮ ಹಣದ ದಾರಿಯನ್ನು ನಾವು ಕೇಳದಿರಬೇಕಾಗಿಲ್ಲ. ಬರುವ ಮಾರ್ಚ್ 31ರಂದು ಲೆಕ್ಕ ಮುಚ್ಚುವಾಗ ಲಾಭದ ಅಂಕಿಯ ಕೆಳಗೆ ಗೆರೆ ಎಳೆದು ನಿಲ್ಲಿಸದೆ, ಅಲ್ಲಿಂದ ನಗದಿನ ವರೆಗೆ ಇನ್ನು ಹತ್ತು ಸಾಲು ಮುಂದೆ ಬರೆಯೋಣ. ಬರತಕ್ಕದ್ದು ಯಾರಿಂದ ಎಂದು ಕಂಡರೆ ಕೇಳೋಣ. ಕೊಡತಕ್ಕದ್ದು ಯಾರಿಗೆ ಎಂದು ಕಂಡರೆ, 45 ದಿನ ಕಳೆಯುವ ಮೊದಲೇ ಕೊಟ್ಟುಬಿಡೋಣ.